ಖರ್ಜೂರ ಕನ್ನಡ ಕೂಟದ ಪ್ರಥಮ ದೋಣಿ ಶಿಬಿರ

ನಂಬುವುದಿಲ್ಲ ಅನ್ನುವವರು ಈಗಲೇ ಕೈ ಎತ್ತಿ. ನಾಚಿಕೆ ಬೇಡ. ನನ್ನ ಮುಖ ನೋಡಿ "ಅನ್ಸಿಫ್, ನೀನು ಸುಳ್ಳು ಹೊಡೀತಿದ್ದಿ" ಎಂದು ಹೇಳುವ ಗಂಡಸು ರಾಸ್ ಅಲ್ ಖೋರ್‌ನಿಂದ ಬನಿಯಾಸ್‌ವರೆಗೆ ಯಾರಾದರೂ ಇದ್ದರೆ ಮುಂದೆ ಬರಲಿ. ಬಂದವರಿಗೆ ನಾನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ನಡಾವಳಿ ಪುಸ್ತಕ ತೆರೆದು ತೋರಿಸುತ್ತೇನೆ. ನೂರ ಹನ್ನೆರಡು ಪುಟ, ಪ್ರತಿ ಪುಟದ ಅಡಿಯಲ್ಲಿ ಮೂವರ ಸಹಿ.

ಸಂಗತಿ ಇಷ್ಟೇ. ಖರ್ಜೂರ ಕನ್ನಡ ಕೂಟ, ದುಬೈ ಮತ್ತು ಅಬುಧಾಬಿ, ಇದರ ಪ್ರಥಮ ವನ್ಯ ದೋಣಿ ಶಿಬಿರವು ಒಂದು ಹುಟ್ಟು ಕೂಡ ನೀರಿಗೆ ತಾಗದೆ, ಒಂದು ಗುಡಾರವೂ ಬಿಚ್ಚದೆ, ಸರ್ವರ ಸಹಕಾರದಿಂದ ಯಶಸ್ವಿಯಾಗಿ ಸಂಪನ್ನಗೊಂಡಿದೆ.

ಆ ಶಿಬಿರವನ್ನು ಮೊದಲು ತಲೆಯಲ್ಲಿ ಹುಟ್ಟಿಸಿದವನು ನಾನು. ಫಲ್ಗುಣಿ ಹೊಳೆಯ ದಡದವನು. ಏಳನೇ ವಯಸ್ಸಿಗೆ ದೋಣಿ ಬಿಟ್ಟವನು, ಒಂಬತ್ತಕ್ಕೆ ಒಂದು ಮದುವೆ ದಿಬ್ಬಣವನ್ನು ಹೊಳೆ ದಾಟಿಸಿದವನು, ಹನ್ನೆರಡಕ್ಕೆ ಪಂಚಾಯತ್ ಉಪಾಧ್ಯಕ್ಷರನ್ನು ಅವರ ಬೈಕಿನ ಸಮೇತ ಆಚೆ ದಡ ಮುಟ್ಟಿಸಿದವನು. ಬೈಕಿಗೆ ಒಂದು ಹನಿ ತಾಗಲಿಲ್ಲ. ಉಪಾಧ್ಯಕ್ಷರಿಗೆ ಸ್ವಲ್ಪ ತಾಗಿತು, ಅದು ಅವರದೇ ತಪ್ಪು. ನಮ್ಮೂರಿನಲ್ಲಿ ನನಗಿಂತ ಚೆನ್ನಾಗಿ ಹುಟ್ಟು ಹಾಕುವವರು ಒಬ್ಬರೇ ಇದ್ದರು, ನನ್ನ ಅಜ್ಜ. ಕೊನೆಕೊನೆಗೆ ಅವರೂ ನನ್ನನ್ನು ಕೇಳಿಯೇ ದೋಣಿ ತಿರುಗಿಸುತ್ತಿದ್ದರು.

ಇಂಥ ನಾನು ಎರಡು ವರ್ಷದಿಂದ ರಾಸ್ ಅಲ್ ಖೋರ್‌ನಲ್ಲಿ ಮೊಯ್ದೀನ್ ಹಾಜಿಯವರ ಟಯರ್ ಅಂಗಡಿಯಲ್ಲಿ ಇದ್ದೇನೆ. ಈ ಎರಡು ವರ್ಷದಲ್ಲಿ ನನ್ನ ಕೈಗೆ ಸಿಕ್ಕಿದ ಅತಿ ದೊಡ್ಡ ಜಲರಾಶಿ ಎಂದರೆ ಪಂಕ್ಚರ್ ಹುಡುಕಲು ಟ್ಯೂಬ್ ಅದ್ದುವ ತೊಟ್ಟಿ. ಯಾರೂ ಇಲ್ಲದಾಗ ಒಮ್ಮೆ ಅದರೊಳಗೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಹುಟ್ಟು ಹಾಕಿ ನೋಡಿದೆ. ನೀರು ತಿರುಗಿತು, ತೊಟ್ಟಿ ಹೋಗಲಿಲ್ಲ. ಆವತ್ತೇ ನಿಶ್ಚಯ ಮಾಡಿದೆ, ಒಂದು ಸಲ ದೋಣಿ ಬಿಡದೆ ಈ ವರ್ಷ ಮುಗಿಸುವುದಿಲ್ಲ ಎಂದು.

ಅಬುಧಾಬಿ ಕಡೆ ಕಾಂಡ್ಲಾ ಕಾಡು ಉಂಟು. ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಮರಗಳು, ನಡುವೆ ಕಾಲುವೆಗಳು, ಒಳಗೆ ಎರಡು ಗಂಟೆ ಹೋದರೆ ಒಂದು ಮರಳು ದಿಣ್ಣೆ. ಅಲ್ಲಿ ಒಂದು ರಾತ್ರಿ ಗುಡಾರ ಹಾಕಿ ಮರುದಿನ ಬರಬಹುದು. ನಾನು ಮತ್ತು ನನ್ನ ರೂಮಿನ ಸಫ್ವಾನ್ ಟಯರ್ ಬಿಲ್ಲಿನ ಹಿಂಬದಿಯಲ್ಲಿ ಪ್ಲಾನ್ ಬರೆದೆವು. ಸಪೂರದ ಒಂದು ಕನೂ ದೋಣಿ, ಒಬ್ಬೊಬ್ಬರಿಗೆ ಐದು ಲೀಟರ್ ಕುಡಿಯುವ ನೀರು, ಒಂದು ಗುಡಾರ, ಸಣ್ಣ ಗ್ಯಾಸ್ ಒಲೆ, ಕುಚ್ಚಲಕ್ಕಿ, ಒಣಮೀನು, ಬಟ್ಟೆ ಒದ್ದೆಯಾಗದ ಹಾಗೆ ಕಟ್ಟಲು ಕಸದ ಚೀಲ. ಬೆಳಿಗ್ಗೆ ಹತ್ತಕ್ಕೆ ಉಬ್ಬರ, ಆಗ ಹೊರಡುವುದು. ಹನ್ನೊಂದು ನಿಮಿಷದಲ್ಲಿ ಪ್ಲಾನ್ ಮುಗಿಯಿತು. ಇಷ್ಟು ಬೇಗ ಮುಗಿದದ್ದು ನೋಡಿಯೇ ನನಗೆ ಸಂಶಯ ಬರಬೇಕಿತ್ತು.

ದೋಣಿ ಬಾಡಿಗೆಯವರಿಗೆ ಫೋನ್ ಮಾಡಿದಾಗ ಅವರು ಹೇಳಿದರು, ರಾತ್ರಿ ತಂಗುವುದಾದರೆ ಆರು ದೋಣಿಗಿಂತ ಕಡಿಮೆ ಕೊಡುವುದಿಲ್ಲ. ಒಂದು ದೋಣಿಗೆ ಇಬ್ಬರು. ಹನ್ನೆರಡು ಜನ ಬೇಕು.

"ಹತ್ತು ಜನ ಎಲ್ಲಿಂದ ತರುವುದು?" ಎಂದ ಸಫ್ವಾನ್.

"ಕೂಟಕ್ಕೆ ಹೇಳುವ" ಎಂದೆ ನಾನು.

ಆ ಮಾತನ್ನು ಹೇಳಿದ್ದು ನಾನೇ. ಅದನ್ನೂ ನಡಾವಳಿಯಲ್ಲಿ ಬರೆದಿದ್ದಾರೆ.

ಮೊದಲು ರಜೆ ಬೇಕಿತ್ತು. ಹಾಜಿಯವರು ಲಾರಿ ಟಯರೊಂದನ್ನು ಬೆರಳಿನಿಂದ ಕುಟ್ಟಿ ನೋಡುತ್ತಿದ್ದರು.

"ದೋಣಿಯಾ? ನಿನಗೆ ಮರ್ಲಾ? ತಲೆ ಸರಿ ಉಂಟಾ?"

"ಎರಡೇ ದಿನ, ಹಾಜಿ."

"ಎರಡು ದಿನ. ಮೂರನೇ ದಿನ ಏಳು ಗಂಟೆಗೆ ಇಲ್ಲಿರಬೇಕು. ಊರಿಗೆ ಹೋಗುವವರೆಗೆ ಇನ್ನೊಂದು ರಜೆ ಕೇಳಿದರೆ ಖಲಾಸ್."

ಎಂದರೆ ಇದೊಂದೇ ಸಲ. ಊರಿಗೆ ಹೋಗಲು ಇನ್ನೂ ಹದಿನಾಲ್ಕು ತಿಂಗಳು ಇತ್ತು.

ಕೂಟದ ಸಭೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ, ಅಧ್ಯಕ್ಷ ರೇವಣಸಿದ್ದಪ್ಪನವರ ಫ್ಲ್ಯಾಟಿನಲ್ಲಿ ಸೇರಿತು. ಅವರು ವಿಜಯಪುರದ ಕಡೆಯವರು, ಸಿವಿಲ್ ಎಂಜಿನಿಯರ್, ಮಾತಾಡುವಾಗ ಅಂಗೈಯನ್ನು ಮಟ್ಟಗೋಲಿನ ಹಾಗೆ ಹಿಡಿಯುತ್ತಾರೆ. ಪಕ್ಕದಲ್ಲಿ ಅವರ ಹೆಂಡತಿ ನೀಲಾಂಬಿಕಾ, ಸನ್ಮಾನ ಉಪಸಮಿತಿಯ ಸಂಚಾಲಕಿ. ಎದುರಿಗೆ ಪ್ರಧಾನ ಕಾರ್ಯದರ್ಶಿ ಮೆಲ್ವಿನ್, ನಮ್ಮ ಮಂಗಳೂರಿನವನೇ. ಹಗಲು ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ತುಂಬಿಸುತ್ತಾನೆ, ಸಂಜೆ ನಡಾವಳಿ ತುಂಬಿಸುತ್ತಾನೆ.

ನಾನು ವಿಷಯ ಹೇಳಿದೆ. ಒಂದೇ ಷರತ್ತು ಹಾಕಿದೆ: ಮೊದಲ ದೋಣಿಯ ಹುಟ್ಟು ನನ್ನ ಕೈಯಲ್ಲಿ ಇರಬೇಕು. ಮೆಲ್ವಿನ್ ಬರೆದುಕೊಂಡ. ಠರಾವು ಒಂದು: ಮೊದಲ ದೋಣಿಯ ಹುಟ್ಟು ಶ್ರೀ ಅನ್ಸಿಫ್ ಅವರ ಕೈಯಲ್ಲಿ ಇರತಕ್ಕದ್ದು. ಸರ್ವಾನುಮತದಿಂದ ಅಂಗೀಕಾರ. ಅಲ್ಲಿಗೇ ಎದ್ದು ಬಂದಿದ್ದರೆ ಆಗಿತ್ತು. ಚಹಾ ಬರುವುದಿತ್ತು, ಕುಳಿತೆ.

"ಅಲ್ಲೋ ತಮ್ಮಾ, ಆ ದಿಣ್ಣಿ ಮ್ಯಾಲ ವೇದಿಕಿ ಐತೇನು?" ಅಧ್ಯಕ್ಷರು ಕೇಳಿದರು.

"ಇಲ್ಲ ಸಾರ್. ಮರಳು ಉಂಟು."

"ಕುರ್ಚಿ?"

"ಇಲ್ಲ."

"ಮೈಕು?"

"ಹಕ್ಕಿಗಳು ಉಂಟು ಸಾರ್."

"ಹಂಗಾರ ಅದನ್ನ ಕಾರ್ಯಕ್ರಮ ಅಂತ ಹೆಂಗ ಕರೀತಿ?"

ಮೆಲ್ವಿನ್ ಕೂಟದ ನಿಯಮಾವಳಿ ತೆರೆದು ಹದಿನಾಲ್ಕನೇ ನಿಯಮ ಓದಿದ. "ಕೂಟದ ಯಾವುದೇ ಚಟುವಟಿಕೆಗೆ ವೇದಿಕೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ ಹಾಗೂ ವಂದನಾರ್ಪಣೆ ಇರತಕ್ಕದ್ದು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಸದರಿ ಚಟುವಟಿಕೆ ನಡೆದೇ ಇಲ್ಲವೆಂದು ಪರಿಗಣಿಸತಕ್ಕದ್ದು."

ಇದು ಬರೀ ಕಾಗದದ ನಿಯಮ ಅಲ್ಲ. ಹೋದ ವರ್ಷ ಕೂಟದವರು ಅವಸರದಲ್ಲಿ ವೇದಿಕೆ ಇಲ್ಲದೆ ಕ್ರಿಕೆಟ್ ಆಡಿದರು. ಆ ಪಂದ್ಯ ನಡೆದಿಲ್ಲ. ಅದರಲ್ಲಿ ಒಬ್ಬರ ಕಾಲು ಮುರಿಯಿತು. ದಾಖಲೆಯ ಪ್ರಕಾರ ಅವರು ಇಂದಿಗೂ ಕುಂಟುತ್ತಿಲ್ಲ.

ಹಾಗಾಗಿ ವೇದಿಕೆ ಬೇಕು, ವೇದಿಕೆಗೆ ಗಣ್ಯರು ಬೇಕು. ಎಣಿಸಿದಾಗ ಗಣ್ಯರು ಹನ್ನೊಂದು ಜನ ಆದರು. ದೋಣಿಯಲ್ಲಿ ಜಾಗ ಹನ್ನೆರಡು. ಉಳಿದ ಒಂದು ನನ್ನದು. ಸಫ್ವಾನ್‌ಗೆ ಫೋನಿನಲ್ಲಿ ಸುದ್ದಿ ಹೇಳಿದೆ.

"ಹಾಗಾದರೆ ನಾನು?"

"ನಿನ್ನನ್ನು ಪ್ರೇಕ್ಷಕ ಮಾಡಿದ್ದಾರೆ."

"ಎಲ್ಲಿ?"

"ದಡದಲ್ಲಿ. ಕುರ್ಚಿ ಉಂಟಂತೆ."

"ಮಾರಾಯ, ಕುರ್ಚಿಯಲ್ಲಿ ಕುಳಿತು ದಡ ನೋಡಲಿಕ್ಕೆ ನಾನು ಗುಡಾರ ತರುವುದಾ?"

"ತಾ" ಎಂದೆ. "ಗುಡಾರ ಪಟ್ಟಿಯಲ್ಲಿ ಉಂಟು."

ಎರಡನೇ ಸಭೆಯಲ್ಲಿ ವೇದಿಕೆಯ ಸಮಸ್ಯೆ ಬಗೆಹರಿಯಿತು. ರೇವಣಸಿದ್ದಪ್ಪನವರು ಎಂಜಿನಿಯರ್ ಎಂದು ನಾನು ಹೇಳಲಿಲ್ಲವೇ. ಆರು ದೋಣಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸುವುದು, ಹಗ್ಗದಿಂದ ಬಿಗಿಯುವುದು, ಮೇಲೆ ಪ್ಲೈವುಡ್ ಹಾಸುವುದು, ಪ್ಲೈವುಡ್ ಮೇಲೆ ಕೆಂಪು ಜಮಖಾನೆ. ನಕ್ಷೆ ಬಹಳ ಚೆನ್ನಾಗಿತ್ತು, ಭಾರ ಎಷ್ಟು ತಡೆಯುತ್ತದೆ ಎಂಬ ಲೆಕ್ಕವೂ ಇತ್ತು.

"ಸಾರ್, ಆರು ದೋಣಿ ಒಟ್ಟಿಗೆ ಕಟ್ಟಿದರೆ ಹುಟ್ಟು ಹಾಕಲಿಕ್ಕೆ ಆಗುವುದಿಲ್ಲ" ಎಂದೆ.

"ವೇದಿಕಿಗೆ ಹುಟ್ಟು ಯಾಕ ಹಾಕಬೇಕು?"

"ಹೋಗಲಿಕ್ಕೆ."

"ವೇದಿಕಿ ಎಲ್ಲಿಗೆ ಹೋಗತೈತಿ?"

ನಾನು ನಕ್ಷೆಯಲ್ಲಿ ಕಾಡಿನ ಕಡೆ ಬೆರಳು ತೋರಿಸಿದೆ. ಮೆಲ್ವಿನ್ ಸಮಾಧಾನ ಮಾಡಿದ. "ಒಂದು ಗಂಟೆಯ ಸಭಾ ಕಾರ್ಯಕ್ರಮ ಮಾರಾಯ. ಹತ್ತಕ್ಕೆ ಶುರು, ಹನ್ನೊಂದಕ್ಕೆ ವಂದನಾರ್ಪಣೆ, ಮತ್ತೆ ಹಗ್ಗ ಬಿಚ್ಚುವ, ನೀನು ಹೊರಡು." ಒಪ್ಪಿದೆ. ಒಂದು ಗಂಟೆ ತಾನೇ.

ಇನ್ನೊಂದು ತಿದ್ದುಪಡಿಯೂ ಆಯಿತು. ವೇದಿಕೆ ದಡಕ್ಕೆ ತಾಗಿ ಇದ್ದರೆ ಫೋಟೋದಲ್ಲಿ ಪಾರ್ಕಿಂಗ್ ಬರುತ್ತದೆ, ಕಾಡು ಬರುವುದಿಲ್ಲ ಎಂದು ನೀಲಾಂಬಿಕಾ ಅಕ್ಕ ಹೇಳಿದರು. ಆದ ಕಾರಣ ಗಣ್ಯರು ದಡದ ಕಟ್ಟೆಯಿಂದ ವೇದಿಕೆ ಹತ್ತಿದ ಮೇಲೆ ಹಗ್ಗ ಸಡಿಲಿಸಿ ಅದನ್ನು ನಲವತ್ತು ಅಡಿ ಆಚೆ ತೇಲಿಬಿಡುವುದು, ಮುಗಿದ ನಂತರ ಅದೇ ಹಗ್ಗದಿಂದ ಎಳೆದುಕೊಳ್ಳುವುದು ಎಂದು ತೀರ್ಮಾನವಾಯಿತು.

ಆಗ ನಾನು ಇಳಿತದ ವಿಷಯ ಎತ್ತಿದೆ. ಹೊಳೆಬಾಯಿಯಲ್ಲಿ ಬೆಳೆದವನು ನಾನು, ನೀರು ಬರುವ ಹೊತ್ತು ಹೋಗುವ ಹೊತ್ತು ನನಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಗಂಟೆಗೆ ಕಾಲುವೆ ತುಂಬಿರುತ್ತದೆ. ಹನ್ನೊಂದಕ್ಕೆ ಇಳಿಯಲು ತೊಡಗುತ್ತದೆ. ಹನ್ನೆರಡರವರೆಗೆ ಹೊರಡಬಹುದು. ಎರಡೂವರೆಗೆ ಅಲ್ಲಿ ಕೆಸರು ಮಾತ್ರ.

ಸಭೆ ಗಂಭೀರವಾಗಿ ಕೇಳಿತು.

"ಅರ್ಧ ಗಂಟಿ ಹೆಚ್ಚು ಕಮ್ಮಿ ಆದ್ರ?" ಅಧ್ಯಕ್ಷರು ಕೇಳಿದರು.

"ಸಮುದ್ರ ಕಾಯುವುದಿಲ್ಲ ಸಾರ್."

"ಕೇಳಿ ನೋಡೀರೇನು?"

ಕೇಳಿರಲಿಲ್ಲ. ಅದು ನನ್ನ ಲೋಪ ಎಂದು ದಾಖಲಾಗಿದೆ. ಮೆಲ್ವಿನ್ ಅಲ್ಲೇ ಪತ್ರ ಸಿದ್ಧಪಡಿಸಿದ.

"ಮಾನ್ಯರೇ, ನಮ್ಮ ಕೂಟದ ಪ್ರಥಮ ವನ್ಯ ದೋಣಿ ಶಿಬಿರದ ನಿಮಿತ್ತ, ಸದರಿ ದಿನ ತಮ್ಮ ವ್ಯಾಪ್ತಿಯಲ್ಲಿ ನಡೆಯಲಿರುವ ಇಳಿತವನ್ನು ವಂದನಾರ್ಪಣೆ ಮುಗಿಯುವವರೆಗೆ ಮುಂದೂಡಬೇಕಾಗಿ ವಿನಂತಿ. ಆಕ್ಷೇಪಣೆ ಇದ್ದಲ್ಲಿ ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು."

"ಯಾರಿಗೆ ಕೊಡುವುದು ಇದನ್ನು?" ಎಂದೆ.

"ಸಂಬಂಧಪಟ್ಟವರಿಗೆ."

"ಯಾರು ಸಂಬಂಧಪಟ್ಟವರು?"

"ಅನ್ಸಿಫ್, ನೀನು ಟಯರಿನವನು. ಅರ್ಜಿಯ ವಿಷಯ ನನಗೆ ಬಿಡು."

ಶುಕ್ರವಾರ ಸಂಜೆ ಮೆಲ್ವಿನ್ ಆಫೀಸಿನ ಅಂಗಿ ಹಾಕಿಕೊಂಡು ಕಡಲ ತೀರದಲ್ಲಿ ನಿಂತು ಪತ್ರವನ್ನು ನೀರಿನ ಕಡೆ ಮುಖ ಮಾಡಿ ಓದಿದ. ಸಾಕ್ಷಿಗೆ ನಾನು ಇದ್ದೆ. ಒಂದು ಅಲೆ ಬಂದು ಅವನ ಬೂಟು ಒದ್ದೆ ಮಾಡಿ ಹೋಯಿತು. ಸ್ವೀಕೃತಿ ಎಂದು ಬರೆದುಕೊಂಡ. ಏಳು ದಿನ ಕಾದೆವು. ಆಕ್ಷೇಪಣೆ ಬರಲಿಲ್ಲ. ಮೂರನೇ ಸಭೆಯಲ್ಲಿ, ಸಮುದ್ರದ ಕಡೆಯಿಂದ ಯಾವುದೇ ಆಕ್ಷೇಪಣೆ ಬಾರದ ಕಾರಣ ಇಳಿತವು ಮುಂದೂಡಲ್ಪಟ್ಟಿದೆ ಎಂದು ಓದಿ ಹೇಳಲಾಯಿತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ. ನನ್ನ ಕೈಯ ಬಲ ಹಾಗೆ.

ಶನಿವಾರ ಬಂತು. ಕಟ್ಟೆಯ ಹತ್ತಿರ ನೂರಿಪ್ಪತ್ತು ಕುರ್ಚಿ ಹಾಕಿದ್ದರು. ಮೊದಲ ಸಾಲಿನಲ್ಲಿ ಸಫ್ವಾನ್, ಮಡಿಲಲ್ಲಿ ಗುಡಾರ. ನೀರು ತುಂಬಿ ತುಳುಕುತ್ತಿತ್ತು. ಎರಡು ವರ್ಷದ ನಂತರ ಆ ವಾಸನೆ ಮೂಗಿಗೆ ಬಡಿದಾಗ ನನ್ನ ಭುಜ ತಾನಾಗಿ ಅಲುಗಿತು. ಕಾಲುವೆ ಕಾಡಿನೊಳಗೆ ಎಲ್ಲಿ ತಿರುಗುತ್ತದೆ, ಎಲ್ಲಿ ಸೆಳೆತ ಉಂಟು, ಎಲ್ಲಿ ಹುಟ್ಟನ್ನು ಆಳಕ್ಕೆ ಹಾಕಬೇಕು, ನಿಂತಲ್ಲೇ ಕಂಡಿತು.

"ನನ್ನ ಹುಟ್ಟು ಎಲ್ಲಿ?" ಎಂದೆ.

ಕೊಟ್ಟರು. ಅದರ ತುದಿಗೆ ಬ್ಯಾನರ್ ಕಟ್ಟಿತ್ತು.

ಹನ್ನೆರಡು ಹುಟ್ಟುಗಳೂ ಬ್ಯಾನರಿಗೆ ಕಂಬಗಳಾಗಿದ್ದವು. ಹಸಿರು ಬಣ್ಣದ ಉದ್ದ ಬ್ಯಾನರ್, ನಡುವೆ ಹತ್ತು ಗಣ್ಯರ ಮುಖ, ಮುಖ್ಯ ಅತಿಥಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಮೂಲೆಯಲ್ಲಿ ಸಣ್ಣದಾಗಿ ಒಂದು ದೋಣಿ. ಆ ದೋಣಿಯಲ್ಲಿ ಯಾರೂ ಇರಲಿಲ್ಲ. ಹನ್ನೊಂದು ಕಂಬಗಳನ್ನು ಪ್ಲೈವುಡ್ಡಿಗೆ ಬಿಗಿದಿದ್ದರು. ಹನ್ನೆರಡನೆಯದಕ್ಕೆ ತೂತು ಕೊರೆಯಲು ಮರೆತಿದ್ದರು.

"ಅದನ್ನ ನೀನೇ ಹಿಡ್ಕೊ ತಮ್ಮಾ" ಎಂದರು ನೀಲಾಂಬಿಕಾ ಅಕ್ಕ. "ಗಾಳಿ ಭಾಳ ಐತಿ. ನಿನ್ನಷ್ಟು ಗಟ್ಟಿ ಆಳು ಇಲ್ಲಿ ಯಾರದಾರ?"

ಅದು ಸತ್ಯ. ಹಿಡಿದೆ. ಠರಾವು ಒಂದರ ಪ್ರಕಾರ ಮೊದಲ ದೋಣಿಯ ಹುಟ್ಟು ನನ್ನ ಕೈಯಲ್ಲೇ ಇತ್ತು. ಮೆಲ್ವಿನ್ ಅದಕ್ಕೆ ಸರಿ ಎಂದು ಗುರುತು ಹಾಕಿದ.

ಮುಖ್ಯ ಅತಿಥಿ ಯಾರೆಂದು ಕೊನೆಯವರೆಗೆ ಗುಟ್ಟಾಗಿ ಇಟ್ಟಿದ್ದರು. ಬಿಳಿ ಕಾರು ಬಂದು ನಿಂತಿತು. ಇಳಿದವರು ಮೊಯ್ದೀನ್ ಹಾಜಿ, ಪ್ಲೈವುಡ್ ಮತ್ತು ಮೈಕಿನ ಪ್ರಾಯೋಜಕರು. ವೇದಿಕೆಗೆ ಹತ್ತಿ ನನ್ನ ಮುಂದೆ ಬಂದು ನಿಂತರು. ಮೇಲಿಂದ ಕೆಳಗೆ ನೋಡಿದರು.

"ಇಲ್ಲಿ ನಿನಗೆಂತ ಕೆಲಸ?"

"ನೀವೇ ರಜೆ ಕೊಟ್ಟದ್ದಲ್ವಾ ಹಾಜಿ."

"ಅಂಗಡಿಯಲ್ಲಿ ಯಾರಿದ್ದಾರೆ ಈಗ?"

ಅಷ್ಟರಲ್ಲಿ ಮೈಕು ಚಾಲೂ ಆಯಿತು. ಹಗ್ಗ ಸಡಿಲಿಸಿದರು. ವೇದಿಕೆ ಮೆಲ್ಲಗೆ ನಲವತ್ತು ಅಡಿ ತೇಲಿ ನಿಂತಿತು. ಸುಳ್ಳು ಯಾಕೆ, ಆ ನಲವತ್ತು ಅಡಿ ಚೆನ್ನಾಗಿತ್ತು.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಪ್ರಾಸ್ತಾವಿಕ ನುಡಿಯವರು ದೋಣಿ ಎಂಬ ಪದದ ಮಹತ್ವ ಹೇಳುತ್ತಾ ಜೀವನವೂ ಒಂದು ದೋಣಿ ಎಂದರು. ನಂತರ ಮಾತಾಡಿದ ನಾಲ್ವರು ಅದನ್ನೇ ಒಪ್ಪಿದರು. ಹನ್ನೊಂದು ಗಂಟೆಗೆ ವಂದನಾರ್ಪಣೆ ಆಗಬೇಕಿತ್ತು. ಹನ್ನೊಂದು ಗಂಟೆಗೆ ಉದ್ಘಾಟನೆ ಆಯಿತು. ನಾನು ನೀರು ನೋಡುತ್ತಿದ್ದೆ. ಕಾಂಡ್ಲಾ ಮರದ ಬೇರಿನಲ್ಲಿ ಒದ್ದೆಯ ಗೆರೆ ಒಂದು ಗೇಣು ಮೇಲೆ ಉಳಿದಿತ್ತು.

"ಮೆಲ್ವಿನ್, ನೀರು ಹೊರಟಿತು" ಎಂದು ಪಿಸುಗುಟ್ಟಿದೆ.

"ಮುಂದೂಡಿದೆ ಅಲ್ವಾ."

"ಹೊರಟಿದೆ ಮಾರಾಯ, ನೋಡು."

"ಪತ್ರ ನನ್ನ ಫೈಲಿನಲ್ಲಿ ಉಂಟು" ಎಂದು ಅವನು ಮುಂದಿನ ಹೆಸರು ಕರೆದ.

ಹಾಜಿಯವರ ಭಾಷಣ ಐವತ್ತು ನಿಮಿಷ. "ನಾನು ಬರುವಾಗ ಇಲ್ಲಿ ಎಂತ ಇತ್ತು? ಮಾಫಿ! ಏನೂ ಇಲ್ಲ!" ಎಂದು ಪ್ರತಿ ಐದು ನಿಮಿಷಕ್ಕೆ ಕೈ ಬೀಸಿ ಸುತ್ತಲೂ ತೋರಿಸಿದರು. ಮೊದಲ ಸಲ ತೋರಿಸಿದಾಗ ಅಲ್ಲಿ ನೀರು ಇತ್ತು. ಕೊನೆಯ ಸಲ ತೋರಿಸುವಾಗ ಅವರ ಮಾತು ಅರ್ಧ ನಿಜ ಆಗಿತ್ತು.

ಹನ್ನೆರಡು ಆಯಿತು. ಈಗ ಬಿಚ್ಚಿದರೆ ಆದೀತು. ಒಂದು ದೋಣಿ ಬಿಚ್ಚಿದರೂ ಸಾಕು, ಸೊಂಟದಷ್ಟು ನೀರು ಇನ್ನೂ ಇತ್ತು, ನಾನೊಬ್ಬ ಹೋಗಬಲ್ಲೆ. ಬಲಗೈಯಲ್ಲಿ ಬ್ಯಾನರ್ ಹಿಡಿದುಕೊಂಡೇ ಎಡಗೈಯನ್ನು ಜಮಖಾನೆಯ ಕೆಳಗೆ ತೂರಿಸಿ ಹಗ್ಗದ ಗಂಟು ಹುಡುಕಿದೆ. ಸಿಕ್ಕಿತು. ನಾನು ಬಿಚ್ಚದ ಗಂಟು ಹುಟ್ಟಿಲ್ಲ. ಅರ್ಧ ಬಿಚ್ಚಿದೆ. ಬ್ಯಾನರ್ ಒಂದು ಕಡೆ ವಾಲಿ ಅಧ್ಯಕ್ಷರ ಮುಖ ಮಡಚಿಹೋಯಿತು.

"ಏ ತಮ್ಮಾ! ನಮ್ಮ ಮನಿಯವರ ಮಾರಿ ಕಾಣವಲ್ದು, ನೆಟ್ಟಗ ಹಿಡಿ!" ನೀಲಾಂಬಿಕಾ ಅಕ್ಕ ಮೈಕಿನಲ್ಲೇ ಹೇಳಿದರು.

ಹಾಜಿಯವರೂ ತಿರುಗಿದರು. ತೋರುಬೆರಳು ಮೇಲೆತ್ತಿ ಒಮ್ಮೆ ಅಲ್ಲಾಡಿಸಿದರು. ಅಂಗಡಿಯಲ್ಲಿ ನಾನು ನಟ್ ಸಡಿಲ ಬಿಟ್ಟಾಗ ಹೀಗೆಯೇ ಅಲ್ಲಾಡಿಸುವುದು. ನನ್ನ ವೀಸಾ ಅವರ ಅಂಗಡಿಯದ್ದು. ಎಡಗೈ ತಾನಾಗಿ ಮೇಲೆ ಬಂತು, ಬ್ಯಾನರ್ ನೆಟ್ಟಗಾಯಿತು. ಆ ಗಾಳಿಯಲ್ಲಿ ಅದನ್ನು ನನ್ನಷ್ಟು ನೆಟ್ಟಗೆ ಹಿಡಿದವರು ಕೂಟದ ಇತಿಹಾಸದಲ್ಲೇ ಇಲ್ಲ ಎಂದು ಆಮೇಲೆ ಹಲವರು ಹೇಳಿದರು.

ಸನ್ಮಾನ ಶುರುವಾಯಿತು. ಹನ್ನೊಂದು ಗಣ್ಯರಿಗೆ ಹನ್ನೊಂದು ಶಾಲು. ಸನ್ಮಾನ ಮಾಡಲು ಬೇರೆ ಯಾರೂ ವೇದಿಕೆಯ ಮೇಲೆ ಇಲ್ಲದ್ದರಿಂದ ಒಬ್ಬರು ಇನ್ನೊಬ್ಬರಿಗೆ ಹೊದೆಸಿದರು. ಹೊದೆಸಿದವರನ್ನು ಹೊದೆಸಿಕೊಂಡವರು ಅಭಿನಂದಿಸಿದರು. ಪ್ರತಿಯೊಬ್ಬರ ಸಾಧನೆಯನ್ನು ಓದಲಾಯಿತು. ಎರಡು ಗಂಟೆಗೆ ವೇದಿಕೆಯ ಕೆಳಗೆ ಏನೋ ಕರಕರ ಎಂದಿತು. ಏಳನೇ ಸನ್ಮಾನದ ಹೊತ್ತಿಗೆ ಆರು ದೋಣಿಗಳೂ ಕೆಸರಿನಲ್ಲಿ ಕುಳಿತವು. ವೇದಿಕೆ ಈಗ ಮೊದಲಿಗಿಂತ ಸ್ಥಿರವಾಗಿದೆ ಎಂದು ಅಧ್ಯಕ್ಷರು ಸಂತೋಷಪಟ್ಟರು.

ಮೂರು ಗಂಟೆಗೆ ವಂದನಾರ್ಪಣೆ. ವಂದಿಸಲ್ಪಟ್ಟವರ ಪಟ್ಟಿಯಲ್ಲಿ, ಕೋರಿಕೆ ಮನ್ನಿಸಿದ್ದಕ್ಕಾಗಿ, ಸಮುದ್ರವೂ ಇತ್ತು. ಆಗ ಅದು ಸುಮಾರು ಅರ್ಧ ಮೈಲು ದೂರದಲ್ಲಿತ್ತು.

ನಂತರ ದಡದಿಂದ ಹಗ್ಗ ಎಳೆದರು. ಸಫ್ವಾನ್ ಸೇರಿ ಇಪ್ಪತ್ತು ಜನ ಎಳೆದರು. ವೇದಿಕೆ ಅಲ್ಲಾಡಲಿಲ್ಲ.

"ಹಾಗಾದರೆ ಇಳಿದು ನಡೆಯುವ" ಎಂದರು ಹಾಜಿ.

ಮೆಲ್ವಿನ್ ಫೈಲು ತೆಗೆದ. ಕಾಡಿಗೆ ಹೋಗಲು ಕೊಟ್ಟ ಅನುಮತಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಾಂಡ್ಲಾ ಬೇರುಗಳಿಗೆ ಹಾನಿ ಆಗದಂತೆ ಶಿಬಿರಾರ್ಥಿಗಳು ಕೆಸರಿನಲ್ಲಿ ಕಾಲಿಡಬಾರದು, ದೋಣಿಯಲ್ಲಿ ಮಾತ್ರ ದಡ ಸೇರಬೇಕು. ಒಳ್ಳೆಯ ನಿಯಮ. ನಾನಾದರೂ ಅದನ್ನೇ ಬರೆಯುತ್ತಿದ್ದೆ.

"ದೋಣಿ ಎಲ್ಲದಾವು?" ಎಂದರು ರೇವಣಸಿದ್ದಪ್ಪನವರು.

"ನಾವು ನಿಂತಿದ್ದೇವಲ್ಲ ಸಾರ್, ಇದರ ಕೆಳಗೆ" ಎಂದೆ ನಾನು.

ನೀರು ಬರಲು ಇನ್ನು ನಾಲ್ಕು ಗಂಟೆ ಎಂದೆ. ಹಾಜಿಯವರಿಗೆ ಐದಕ್ಕೆ ಇನ್ನೊಂದು ಕಾರ್ಯಕ್ರಮದಲ್ಲಿ ಸನ್ಮಾನ ಇತ್ತು. ವೇದಿಕೆಯ ಮೇಲೆಯೇ ತುರ್ತು ಸಭೆ ಕರೆಯಲಾಯಿತು.

"ಈ ಕೆಸರಿನಲ್ಲಿ ಯಾರಿಗಾದರೂ ಹೋಗಲಿಕ್ಕೆ ಬರುತ್ತದಾ?" ಮೆಲ್ವಿನ್ ಕೇಳಿದ.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವ ಜಾತಿ ನಾನಲ್ಲ. "ನನಗೆ ಬರುತ್ತದೆ" ಎಂದೆ. "ಸಣ್ಣವನಿರುವಾಗ ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಇದಕ್ಕಿಂತ ಆಳದ ಕೆಸರಿಗೆ ಇಳಿದವ ನಾನು. ಬೇರು ಎಲ್ಲಿ ಉಂಟು ಅಂತ ಹೆಬ್ಬೆರಳಿಗೇ ಗೊತ್ತಾಗುತ್ತದೆ, ಒಂದನ್ನೂ ಮೆಟ್ಟುವುದಿಲ್ಲ. ಬೆನ್ನ ಮೇಲೆ ಒಂದು ಮೂಟೆ ಇದ್ದರೂ ಸೈ."

ಹನ್ನೊಂದು ಜನ ನನ್ನ ಬೆನ್ನು ನೋಡಿದರು.

"ಆದ್ರ ಶಿಬಿರಾರ್ಥಿ ಕಾಲಿಡಂಗಿಲ್ಲಲ್ರೀ" ಎಂದರು ಅಧ್ಯಕ್ಷರು.

"ಶಿಬಿರಾರ್ಥಿ ಇಡಬಾರದು ಸಾರ್" ಎಂದು ಮೆಲ್ವಿನ್ ಪೆನ್ನಿನ ಮುಚ್ಚಳ ತೆಗೆದ. "ದೋಣಿ ಕಾಲಿಡುವುದಿಲ್ಲ. ದೋಣಿ ತಳ ಮುಟ್ಟುತ್ತದೆ. ಅನ್ಸಿಫ್, ನೀನು ಜನ ಸಾಗಿಸುತ್ತೀ, ಹೌದಾ?"

"ಹೌದು."

"ಒಂದು ಸಲಕ್ಕೆ ಎಷ್ಟು ಜನ?"

"ಒಬ್ಬರು."

"ಮುಳುಗುತ್ತೀಯಾ?"

"ನಾನಾ? ಜನ್ಮದಲ್ಲಿ ಇಲ್ಲ."

ಠರಾವು ನಲವತ್ತಮೂರು: ಶ್ರೀ ಅನ್ಸಿಫ್ ಅವರನ್ನು ತತ್ಕ್ಷಣದಿಂದ ಕೂಟದ ದೋಣಿಯೆಂದು ಪರಿಗಣಿಸತಕ್ಕದ್ದು. ಸೂಚಿಸಿದವರು ಅಧ್ಯಕ್ಷರು, ಅನುಮೋದಿಸಿದವರು ಮುಖ್ಯ ಅತಿಥಿ. ನಾನು ಕೈ ಎತ್ತಲು ಹೋದೆ. ದೋಣಿಗೆ ಮತದಾನದ ಹಕ್ಕು ಇಲ್ಲ ಎಂದು ಮೆಲ್ವಿನ್ ನೆನಪಿಸಿದ.

ಇಳಿದೆ. ಮೊಣಕಾಲಿನ ಮೇಲಿನವರೆಗೆ ಕೆಸರು, ತಣ್ಣಗೆ. ಒಬ್ಬೊಬ್ಬರಾಗಿ ಹನ್ನೊಂದು ಜನರನ್ನು ಶಾಲು ಸಮೇತ ದಡ ಮುಟ್ಟಿಸಿದೆ. ಯಾರಿಗೂ ಒಂದು ಹನಿ ತಾಗಲಿಲ್ಲ. ಅಧ್ಯಕ್ಷರು ದಾರಿಯುದ್ದಕ್ಕೂ "ಎಡಕ್ಕ, ಸ್ವಲ್ಪ ಬಲಕ್ಕ" ಎಂದು ನನ್ನ ಕಿವಿ ತಿರುಗಿಸುತ್ತಿದ್ದರು. ನೀಲಾಂಬಿಕಾ ಅಕ್ಕ ಹತ್ತಲು ಸಂಕೋಚಪಟ್ಟರು. ದೋಣಿ ಎದುರು ಎಂಥಾ ನಾಚಿಕಿ ಎಂದು ಅವರ ಯಜಮಾನರೇ ಧೈರ್ಯ ಹೇಳಿದರು. ಕೊನೆಯವರು ಹಾಜಿ, ಎರಡು ಲಾರಿ ಟಯರಿನ ಭಾರ. ಅಷ್ಟು ಭಾರ ಹೊತ್ತು ಒಂದು ಬೇರನ್ನೂ ಮೆಟ್ಟದೆ ನಡೆದವನನ್ನು ಜಗತ್ತಿನಲ್ಲಿ ಬೇರೆ ತೋರಿಸಿ.

"ನಾಳೆ ಏಳಕ್ಕೆ ಬಾ" ಎಂದರು ಕಿವಿಯ ಹತ್ತಿರ.

"ನಾಳೆ ನನಗೆ ರಜೆ, ಹಾಜಿ. ಎರಡು ದಿನ ಅಂದಿದ್ದಿರಿ."

"ಶಿಬಿರಕ್ಕೆ ಅಂತ ಅಲ್ವಾ ಕೊಟ್ಟದ್ದು?"

"ಹೌದು."

"ವಂದನಾರ್ಪಣೆ ಆಯ್ತಲ್ಲ."

ಆಗಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ದಡದಲ್ಲಿ ಇಳಿಸಿದೆ. ಅವರು ನನ್ನ ಬೆನ್ನನ್ನು ಎರಡು ಸಲ ತಟ್ಟಿ ಕಾರು ಹತ್ತಿದರು.

ಆಮೇಲೆ ಪ್ರಮಾಣಪತ್ರ ವಿತರಣೆ. ದೋಣಿ ಶಿಬಿರ ಪೂರೈಸಿದ್ದಕ್ಕೆ ಹನ್ನೊಂದು ಜನರಿಗೆ ಬಂಗಾರದ ಅಂಚಿನದು. ಪ್ರೇಕ್ಷಕರಿಗೆ ಸಾದಾ ಅಂಚಿನದು. ಸಫ್ವಾನ್‌ಗೂ ಸಿಕ್ಕಿತು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ ಗುಡಾರದ ಚೀಲಕ್ಕೆ ಹಾಕಿದ. "ಇನ್ನು ನಾನು ಹೋದದ್ದು ಹೌದು ಅಂತ ಆಯ್ತು, ಅಲ್ವನಾ?" ಎಂದ. ಸುತ್ತ ಇದ್ದ ಎಲ್ಲರೂ ಹೌದು ಎಂದರು. ಮುಂದಿನ ಸಲ ಮರುಭೂಮಿಯಲ್ಲಿ ಮಾಡಬಹುದು, ಅಲ್ಲಿ ಇಳಿತದ ತಾಪತ್ರಯ ಇಲ್ಲ ಎಂದು ಯಾರೋ ಹೇಳಿದರು. ಅಧ್ಯಕ್ಷರು ನೋಟ್ ಮಾಡಿಕೊಂಡರು.

ನನ್ನ ಹೆಸರು ಕರೆಯಲಿಲ್ಲ. ಕಾಲಿನ ಕೆಸರು ಒಣಗುವವರೆಗೆ ಕಾದು ಮೆಲ್ವಿನ್ ಹತ್ತಿರ ಹೋದೆ.

"ನನ್ನದು?"

ಅವನು ವರದಿ ಬರೆಯುತ್ತಿದ್ದ. ಭಾಗವಹಿಸಿದವರು: ಹನ್ನೊಂದು. ಬಳಸಿದ ದೋಣಿಗಳು: ಏಳು.

"ದೋಣಿಗೆ ಯಾರಾದರೂ ಪ್ರಮಾಣಪತ್ರ ಕೊಡ್ತಾರಾ ಮಾರಾಯ?" ಎಂದ. ಬೇಸರದಿಂದಲ್ಲ, ಪ್ರೀತಿಯಿಂದಲೇ ಹೇಳಿದ. ಬ್ಯಾಗಿನೊಳಗೆ ಕೈ ಹಾಕಿ ಹುಡುಕಿದ. "ನಿಲ್ಲು. ನಿನಗೂ ಕೊಡಲಿಕ್ಕೆ ಉಂಟು."

ಕೊಟ್ಟ. ಒಂದು ಸ್ಟಿಕ್ಕರ್. ಅಂಗೈಯಷ್ಟು ದೊಡ್ಡದು, ಹಳದಿ ಬಣ್ಣ, ಕಪ್ಪು ಅಕ್ಷರ: ದೋಣಿ ಸಂಖ್ಯೆ ೭.